ಸೊಪ್ಪಿನ ಬೆಟ್ಟ, ಕರಡದ ಬೇಣ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟವನ್ನು ಹೊಗಳುವ ಮೊದಲು ಅದರ ನೆತ್ತಿಯ ಮೇಲಿನ ಸೊಪ್ಪಿನ ಬೆಟ್ಟ ಹತ್ತಿ ನೋಡಬೇಕು. ಬ್ರಿಟಿಷರ ಕಾಲದ ಕೆನರಾ ಅರಣ್ಯ ಸವಲತ್ತಿನಂತೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ನೆಲ ಸರ್ಕಾರದ್ದು, ಸೊಪ್ಪು, ದರಕು (ಒಣ ಎಲೆ), ಹುಲ್ಲು ತೋಟದವರದ್ದು. ಮಳೆಗಾಲದಲ್ಲಿ ಮತ್ತಿ, ಹೊನ್ನೆ, ಕವಲಿನ ಹಸಿ ಸೊಪ್ಪು, ಬೇಸಿಗೆಯಲ್ಲಿ ಗುಡಿಸಿದ ದರಕು ಕೊಟ್ಟಿಗೆಗೆ ಹಾಸಾಗಿ, ಸಗಣಿ ಗಂಜಲ ಹೀರಿ, ಗೊಬ್ಬರವಾಗಿ ತೋಟಕ್ಕಿಳಿಯುತ್ತದೆ.

ಈ ಏರ್ಪಾಡನ್ನು ಈಗ ನೆಲ ಉಳಿಸುವ ಕೃಷಿಯ ಮಾದರಿ ಎಂದು ತೋರಿಸುವುದುಂಟು. ಅರ್ಧ ನಿಜ. ಒಂಬತ್ತೆಕರೆಯ ಸಾರ ಒಂದೆಕರೆಗೆ ಇಳಿದರೆ ತೋಟ ಉಳಿಯಿತು ಎನ್ನಬಹುದು, ಬೆಟ್ಟ ಉಳಿಯಿತು ಎನ್ನಲು ಬೇರೆ ಸಾಕ್ಷಿ ಬೇಕು. ತುದಿ ಬಿಟ್ಟು ಪಕ್ಕದ ರೆಂಬೆಗಳನ್ನಷ್ಟೇ ಕಡಿದ ಬೆಟ್ಟ ಮತ್ತೆ ಚಿಗುರುತ್ತದೆ. ವರ್ಷವರ್ಷವೂ ಬುಡದಿಂದ ತುದಿಯವರೆಗೆ ಬೋಳಿಸಿದಲ್ಲಿ ಮರಗಳು ಕಂಬಗಳಂತೆ ನಿಂತಿರುತ್ತವೆ, ಕೆಳಗೆ ಸಸಿಯೇ ಇರುವುದಿಲ್ಲ.

ಹಾಗಾಗಿ ಕಾಡುಪ್ರಾಣಿಗಳು ಉಳಿದಿರುವುದನ್ನು ಬೆಟ್ಟದ ಖಾತೆಗೆ ಸೇರಿಸುವುದು ಆತುರ. ಮಂಗಟ್ಟೆಗೆ ಗೂಡು ಮಾಡಲು ಪೊಟರೆಯುಳ್ಳ ಹಳೆಯ ಮರ ಬೇಕು, ಹಣ್ಣು ಬೇಕು. ಸೊಪ್ಪು ಸವರಿದ ಮರ ಎರಡನ್ನೂ ಕೊಡುವುದು ಕಷ್ಟ. ಸಿಂಗಳೀಕ ಉಳಿದಿರುವುದು ಸಿದ್ದಾಪುರದ ಕತ್ತಲೆಕಾನಿನಂಥ ಒದ್ದೆ ಕಾನುಗಳಲ್ಲಿ. 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಮತ್ತು ಬೇಡ್ತಿ ಸಂರಕ್ಷಿತ ಪ್ರದೇಶಗಳನ್ನು ಬೆಟ್ಟದ ಬಿರುದು ಎಂದು ಓದಬಾರದು. ಅವುಗಳಲ್ಲಿ ಒಳ್ಳೆಯ ಅಂಶವೊಂದಿದೆ: ವನ್ಯಜೀವಿ ಕಾಯ್ದೆಗೆ 2002ರಲ್ಲಾದ ತಿದ್ದುಪಡಿಯಂತೆ ಸ್ಥಳೀಯರ ಜೊತೆ ಸಮಾಲೋಚಿಸಬೇಕು, ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿಯವರಿರಬೇಕು. ಆದರೆ ಆ ಸಮಿತಿಗೆ ಸಲಹೆ ಕೊಡುವ ಅಧಿಕಾರವಷ್ಟೇ ಇದೆ.

ನನ್ನ ದೊಡ್ಡ ತಕರಾರು ಹುಲ್ಲಿನ ಬಗ್ಗೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಸುತ್ತಿನ ಜನ ಕಡಿತ ತಡೆಯಲು ಮರ ಅಪ್ಪಿ ನಿಂತರು. ಅಪ್ಪಿಕೋ ಚಳವಳಿಯಿಂದ ಮರಕ್ಕೆ ಒಂದು ದನಿ ಬಂತು. ಹುಲ್ಲುಗಾವಲಾದ ಬೇಣಕ್ಕೆ ಅಂಥ ದನಿ ಬರಲಿಲ್ಲ. ಕರಡವೆಂಬ ಹುಲ್ಲು ಕೊಯ್ದು, ದನ ಮೇಯಿಸಿ ಹುಲ್ಲಾಗಿಯೇ ಇಟ್ಟುಕೊಂಡ ಬೇಣಗಳು ಅರಣ್ಯ ಇಲಾಖೆಯ ಕಣ್ಣಿಗೆ ಖಾಲಿ ನೆಲವಾಗಿ ಕಂಡವು, ಅಕೇಶಿಯಾ ಬಂತು. ಇಲ್ಲಿಯ ಹುಲ್ಲು ಬಯಲುಸೀಮೆಯದರಂತೆ ತಾನೇ ತಾನಾಗಿ ಉಳಿಯುವಂಥದ್ದಲ್ಲ, ನಿಜ. ಇಷ್ಟು ಮಳೆಯಲ್ಲಿ ಕೈಬಿಟ್ಟರೆ ಗಿಡಗಂಟಿ ಏರುತ್ತದೆ. ಆದರೂ ನೆಡುವ ಹುಮ್ಮಸ್ಸಿನ ಪರಿಣಾಮ ಪಕ್ಕದ ಹಾವೇರಿಯಲ್ಲೇ ಇದೆ: 1974ರಲ್ಲಿ ಕೃಷ್ಣಮೃಗಕ್ಕೆಂದೇ ಘೋಷಿಸಿದ ರಾಣೆಬೆನ್ನೂರು ಅಭಯಾರಣ್ಯದ ದೊಡ್ಡ ಪಾಲು ನೀಲಗಿರಿ ನೆಡುತೋಪು. ಬಯಲಿನಲ್ಲಿ ಓಡುವ ಪ್ರಾಣಿಗೆ ಮರದ ಸಾಲುಗಳು ಬಂದವು.

ಇನ್ನು ಸಮುದಾಯ ಎಂಬ ಮಾತು. ಬೆಟ್ಟ ತೋಟಕ್ಕೆ ಅಂಟಿದ ಸವಲತ್ತು. ತೋಟವಿಲ್ಲದವರಿಗೆ ಬೆಟ್ಟವೂ ಇಲ್ಲ. ದರಕು ಗುಡಿಸುವ, ಸೊಪ್ಪು ಹೊರುವ ಕೂಲಿಯವರು ಈ ವ್ಯವಸ್ಥೆಯ ಕೈಕಾಲುಗಳೇ ಹೊರತು ಪಾಲುದಾರರಲ್ಲ. ಕೊಟ್ಟಿಗೆಯಲ್ಲಿ ದನ ಕಡಿಮೆಯಾಗಿ, ಗೊಬ್ಬರ ಚೀಲದಲ್ಲಿ ಬರತೊಡಗಿ, ಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಿ ಬೆಟ್ಟವನ್ನು ಕಾಯುವ ಗರಜೂ ಕರಗುತ್ತಿದೆ. ಸುತ್ತಲಿನ ಅಗಳ (ಕಾವಲು ಕಂದಕ) ತುಂಬಿ ಹೋದ ಇಂಥ ಬೆಟ್ಟಗಳನ್ನು ದನ ಇಟ್ಟುಕೊಂಡ, ತೋಟವಿಲ್ಲದ ಮನೆಗಳಿಗೂ ತೆರೆಯಬಾರದೇಕೆ ಎಂಬುದು ಮೂರೂ ತಾಲ್ಲೂಕಿನ ಅರಣ್ಯ ಸಮಿತಿಗಳು ಚರ್ಚಿಸಲೇಬೇಕಾದ ಪ್ರಶ್ನೆ.