ವೀರಗಲ್ಲನ್ನು ಬುಡದಿಂದ ನೋಡಿ

ಚಂದ್ರಾ ಲೇಔಟಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕಾಫಿಗೆ ಕೂತಾಗ ನಾನು ಕಲ್ಲಿನ ಮಾತು ತೆಗೆದರೆ, ಸೈಟಿನ ಮೂಲೆಗಲ್ಲಿನ ತಕರಾರೇನೋ ಎಂದು ಗೆಳೆಯರು ಕಿವಿ ನಿಮಿರಿಸುತ್ತಾರೆ. ಹೊಲಗದ್ದೆ ಹೋಗಿ ಸೈಟುಗಳಾದ ಜಾಗದಲ್ಲಿ ಅದು ಸಹಜವೇ. ಸತ್ತವರ ಕಲ್ಲು ಎಂದರೆ ಶ್ಮಶಾನದ ಕಾಂಪೌಂಡಿನೊಳಗೆ ಇರುವಂಥದ್ದು ಎಂಬುದು ಇನ್ನೊಂದು ನಂಬಿಕೆ. ಆದರೆ ನಮ್ಮ ನಾಡಿನ ಹಳೆಯ ವೀರಗಲ್ಲುಗಳು ನಿಂತಿರುವುದು ಊರಬಾಗಿಲಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ, ಹೊಲದ ಬದುವಿನಲ್ಲಿ. ಬದುಕಿರುವವರು ದಿನಾ ಓಡಾಡುವ ಕಡೆ. ಕೆಳಗೆ ಹೆಣ ಇರಲೇಬೇಕೆಂದೂ ಇಲ್ಲ.

ಕಾದಿ ಸತ್ತವನಿಗೆ ವೀರಗಲ್ಲು. ಗಂಡನ ಚಿತೆ ಏರಿದವಳಿಗೆ ಮಾಸ್ತಿಕಲ್ಲು. ಕಂಬದಿಂದ ಚಾಚಿದಂತೆ ಎತ್ತಿದ ತೋಳು, ತೋಳಿನ ತುಂಬ ಬಳೆ, ಕೈಯಲ್ಲಿ ನಿಂಬೆಹಣ್ಣು ಕಂಡರೆ ಅದೇ. ಸಲ್ಲೇಖನದಿಂದ ದೇಹ ಬಿಟ್ಟ ಜೈನರಿಗೆ ನಿಸಿದಿ. ಅದನ್ನು ನೋಡಲು ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಬೇಕು. ಹೊಸಬರು ವೀರಗಲ್ಲಿನಿಂದ ಶುರುಮಾಡುವುದು ಒಳ್ಳೆಯದು, ಅದರಲ್ಲಿ ಕತೆ ಇದೆ.

ನಾವು ಪುಟವನ್ನು ಮೇಲಿನಿಂದ ಓದುವವರು. ವೀರಗಲ್ಲನ್ನು ಹಾಗೆ ಓದಿದರೆ ಕೊನೆಯ ಅಧ್ಯಾಯ ಮೊದಲು ಸಿಗುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಕತ್ತಿ, ಬಿಲ್ಲು, ಕುದುರೆ, ಒಮ್ಮೊಮ್ಮೆ ಕಳ್ಳರು ಹೊಡೆದುಕೊಂಡು ಹೋಗುತ್ತಿರುವ ದನಗಳು. ದನ ಕಂಡರೆ ಅದು ತುರುಗಾಳಗ, ಅಂದರೆ ಊರಿನ ಹಸು ಬಿಡಿಸಲು ಹೋಗಿ ಸತ್ತವನ ಕಲ್ಲು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ, ಜೈನನಾದರೆ ಜಿನನ ಮುಂದೆ. ನೆತ್ತಿಯಲ್ಲಿ ಸೂರ್ಯ ಚಂದ್ರ, ಅವರಿರುವಷ್ಟು ಕಾಲ ಈ ಹೆಸರು ಇರಲಿ ಎಂದು. ಎಲ್ಲ ಕಲ್ಲಿಗೂ ಮೂರು ಅಂತಸ್ತು ಇರುವುದಿಲ್ಲ. ಗಂಗರ ಕಾಲದ ಹಲವು ಕಲ್ಲುಗಳಲ್ಲಿ ಒಂದೇ ದೃಶ್ಯ, ಜೊತೆಗೆ ನಾಲ್ಕಾರು ಸಾಲು ಬರಹ. ನನಗೆ ಅವೇ ಹೆಚ್ಚು ಇಷ್ಟ. ಅಲ್ಲಿ ಸ್ವರ್ಗದ ಸಮಾಧಾನ ಇಲ್ಲ, ಮನುಷ್ಯ ಕಾದುತ್ತಲೇ ಇದ್ದಾನೆ.

ಕಣ್ಣು ಪಳಗಿಸಿಕೊಳ್ಳಲು ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕಿನಲ್ಲಿ ಇಳಿದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ. ಬಾಗಿಲು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಬೇಗೂರಿನಿಂದ ತಂದ ದೊಡ್ಡ ವೀರಗಲ್ಲು ಅಲ್ಲಿದೆ. ತುಂಬೆಪಾಡಿಯಲ್ಲಿ ವೀರಮಹೇಂದ್ರನ ಪಡೆಯ ಎದುರು ಗಂಗರ ಕಡೆಯ ನಾಗತ್ತರ ಸತ್ತ ಯುದ್ಧ ಅದರ ಮೇಲಿದೆ. ಆನೆ, ಕುದುರೆ, ಕಾಲಾಳು ಒಬ್ಬರ ಮೇಲೊಬ್ಬರು. ಇದೇ ನಾಗತ್ತರನ ಮಗ ಬುಟ್ಟಣಶೆಟ್ಟಿ ಬೆಂಗಳೂರು ಕಾಳಗದಲ್ಲಿ ಸತ್ತನೆಂದು ಬೇಗೂರಿನಲ್ಲಿರುವ ಇನ್ನೊಂದು ಕಲ್ಲು ಹೇಳುತ್ತದೆ. ಕ್ರಿ.ಶ. 900ರ ಸುಮಾರಿನದು. ನಮ್ಮ ಊರಿನ ಹೆಸರು ಸಿಗುವ ಅತಿ ಹಳೆಯ ಬರಹ ಒಂದು ಸಾವಿನ ಸುದ್ದಿ. ಬೆಂದಕಾಳೂರೇ ಬೆಂಗಳೂರಾಯಿತೆಂಬ ಅಜ್ಜಿಕತೆ ಹೇಳುವವರಿಗೆ ಇದನ್ನು ತೋರಿಸಿ.

ಅದೇ ಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲೂ ಇದೆ, ಕ್ರಿ.ಶ. 949ರ ಹೊತ್ತಿನದು. ತಕ್ಕೋಲದಲ್ಲಿ ಚೋಳರನ್ನು ಗೆದ್ದ ಮೇಲೆ ಗಂಗ ದೊರೆ ಬೂತುಗನ ಬಂಟ ಮಣಲೇರ, ಏನು ಬೇಕು ಕೇಳು ಎಂದು ಒಡೆಯ ಹೇಳಿದಾಗ, ಊರು ಕೇಳಲಿಲ್ಲ, ‘ಕಾಳಿ’ ಎಂಬ ನಾಯಿ ಕೇಳಿದ. ಆ ನಾಯಿ ಒಂದು ಹಂದಿಯೊಡನೆ ಕಾದಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಕಲ್ಲಿನ ಮೇಲೆ ಇಬ್ಬರೂ ಇದ್ದಾರೆ. ಕಲ್ಲು ನೆಡಿಸಿದವರು ಅದಕ್ಕೆ ಭೂಮಿ ಬಿಟ್ಟು, ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟಲಿ ಎಂದು ಬರೆಸಿದರು. ಸಂರಕ್ಷಣೆ ಎಂಬ ಪದ ಹುಟ್ಟುವ ಮೊದಲೇ ಅದರ ಬಜೆಟ್ಟು, ನೌಕರ, ದಂಡ ಮೂರೂ ಕಲ್ಲಿನಲ್ಲೇ ಇದ್ದವು. ಸತ್ತವನ ಮನೆಯವರಿಗೆ ಕೊಡುತ್ತಿದ್ದ ನೆತ್ತರುಗೊಡಗೆ, ಕಲ್ನಾಡು ಎಂಬ ಭೂದಾನಗಳೂ ಇಂಥದ್ದೇ ಏರ್ಪಾಡು.

ಪೂಜೆ ಇರುವ ಕಡೆ ಕಲ್ಲು ಉಳಿದಿದೆ, ಅದನ್ನು ಒಪ್ಪಲೇಬೇಕು. ವೀರಗಾರ, ಮಾಸ್ತಮ್ಮ ಎಂದು ಕೈಮುಗಿಯುವವರು ಇಲ್ಲದಿದ್ದರೆ ಎಷ್ಟೋ ಕಲ್ಲು ಬಟ್ಟೆ ಒಗೆಯುವ ಚಪ್ಪಡಿಯಾಗುತ್ತಿತ್ತು, ಮೋರಿಯ ಮುಚ್ಚಳವಾಗುತ್ತಿತ್ತು. ಆದರೆ ಭಕ್ತಿಯ ಜೊತೆ ಈಗ ಎನಾಮಲ್ ಪೇಂಟ್ ಬಂದಿದೆ, ಸಿಮೆಂಟ್ ಬಂದಿದೆ. ಮಾಗಡಿ ಕಡೆಯ ನಮ್ಮ ನೆಂಟರ ಊರಿನಲ್ಲಿ ನಾನು ಚಿಕ್ಕಂದಿನಿಂದ ನೋಡಿದ ಒಂದು ಕಲ್ಲಿತ್ತು. ಕಳೆದ ಸಲ ಹೋದಾಗ ಕಟ್ಟೆ ಕಟ್ಟಿ ಟೈಲ್ಸ್ ಹಾಕಿದ್ದರು. ಕುದುರೆಗೆ ಕಾಲೇ ಇಲ್ಲ. ಕಟ್ಟೆಗೆ ದುಡ್ಡು ಕೊಟ್ಟವರಲ್ಲಿ ನಾನೂ ಒಬ್ಬ. ಹೇಗೆ ಕಟ್ಟುತ್ತೀರಿ ಎಂದು ಕೇಳಿರಲಿಲ್ಲ. ಕಾಳಗ ಇರುವುದು ಬುಡದಲ್ಲಿ, ನಮ್ಮ ಅಕ್ಕರೆ ಮೊದಲು ಹೂಳುವುದೂ ಅದನ್ನೇ.

ಹಾಗಾಗಿ ಕಲ್ಲಿನ ಹತ್ತಿರ ಹೋದವರು ಕೈಯನ್ನು ಜೇಬಿನಲ್ಲಿಡಿ. ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿಯಬೇಡಿ, ತಂತಿ ಬ್ರಷ್ ಬೇಡ, ಆಸಿಡ್ ಬೇಡವೇ ಬೇಡ. ಬೆಳಗಿನ ಎಳೆಬಿಸಿಲು, ಇಲ್ಲವೇ ಸಂಜೆ ನಾಲ್ಕೂವರೆಯ ಓರೆಬಿಸಿಲು ಸಾಕು. ನಡುಹಗಲಲ್ಲಿ ಮೊಂಡಾಗಿ ಕಂಡ ಕಲ್ಲಿನಲ್ಲಿ ಕತ್ತಿಯ ಅಲಗು ಎದ್ದು ನಿಲ್ಲುತ್ತದೆ. ರಾತ್ರಿಯಾದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಪಡಿಯಚ್ಚು ತೆಗೆಯುವುದು ತಿಳಿದವರ ಕೆಲಸ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗಿನಲ್ಲಿ ದಾಖಲಿಸುತ್ತಿದ್ದಾರೆ, ಅದರಲ್ಲಿ ಕಲ್ಲನ್ನು ಮುಟ್ಟುವ ಅಗತ್ಯವೂ ಇಲ್ಲ.

ಹೆಬ್ಬಾಳದ ಕಿತ್ತಯ್ಯನ ಕಲ್ಲು, ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಸುಮಾರಿನದು, 2018ರಲ್ಲಿ ಚರಂಡಿ ಕೆಲಸದ ಮಣ್ಣಿನಿಂದ ಹೊರಬಂತು. ಊರಿನವರೂ ಶಾಸನಾಸಕ್ತರೂ ಸೇರಿ ಅದಕ್ಕೊಂದು ಮಂಟಪ ಕಟ್ಟಿದರು. ನಮ್ಮ ಕಡೆಯೂ ಅತ್ತಿಗುಪ್ಪೆ, ಮೂಡಲಪಾಳ್ಯ, ನಾಗರಬಾವಿ ಎಲ್ಲ ಲೇಔಟಿಗಿಂತ ಹಳೆಯ ಹೆಸರುಗಳು, ರಸ್ತೆ ಅಗೆತವಂತೂ ನಿಲ್ಲುವುದೇ ಇಲ್ಲ. ಜೆಸಿಬಿಯ ಹಲ್ಲಿಗೆ ಕೆತ್ತನೆಯ ಚಪ್ಪಡಿ ಸಿಕ್ಕಿದ್ದು ಕಂಡರೆ ಡ್ರೈವರಿಗೆ ಒಂದು ಟೀ ಕೊಡಿಸಿ ನಿಲ್ಲಿಸಿ, ಪುರಾತತ್ವ ಇಲಾಖೆಗೆ ತಿಳಿಸಿ. ಫೋಟೊ ತೆಗೆಯುವಾಗ ಬುಡ ಫ್ರೇಮಿನೊಳಗೆ ಇರಲಿ.