ಲೆಕ್ಕದೊಳಗಿನ ಊರು, ಲೆಕ್ಕದಾಚೆಯ ಕೊಳಚೆ

ಊರಿನ ಒಳಚರಂಡಿ ಮುಂದಿನ ಮೂವತ್ತು ವರ್ಷಕ್ಕೆ ಸಾಲುತ್ತದೆಯೇ ಎಂದು ಕೇಳಿದರೆ ನಮ್ಮಲ್ಲಿ ಉತ್ತರ ಬರುವುದು ಒಂದೇ ಅಂಕಿಯಲ್ಲಿ: ಶುದ್ಧೀಕರಣ ಘಟಕ ಇಷ್ಟು ಎಂಎಲ್‌ಡಿ, ಅಂದರೆ ದಿನಕ್ಕೆ ಇಷ್ಟು ದಶಲಕ್ಷ ಲೀಟರ್. ಸಭೆಯ ನಡಾವಳಿಯಲ್ಲಿ, ಅಡಿಗಲ್ಲಿನ ಮೇಲೆ, ಪತ್ರಿಕಾ ಹೇಳಿಕೆಯಲ್ಲಿ ಕಾಣುವುದು ಅದೇ. ಮಂಡ್ಯ, ಮದ್ದೂರು, ಮಳವಳ್ಳಿಯ ಮಟ್ಟಿಗೆ ಆ ಅಂಕಿಯನ್ನು ನಂಬಿ ಕೂರುವಂತಿಲ್ಲ ಎಂಬುದು ನನ್ನ ವಾದ. ಕೊಳಚೆ ಘಟಕದವರೆಗೆ ತಲುಪುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಪೈಪಿನ ಜಾಡು, ನೆಲದ ಇಳಿಜಾರು ಮತ್ತು ಪೈಪು ನಿಲ್ಲುವ ಜಾಗ. ಈ ಮೂರನ್ನೂ ಅಳೆಯದೆ ಸಾಮರ್ಥ್ಯದ ಮಾತಾಡುವುದು ಬಾವಿಯ ಆಳ ನೋಡದೆ ಹಗ್ಗ ಕೊಂಡಂತೆ.

ಲೆಕ್ಕದಿಂದಲೇ ಶುರು ಮಾಡೋಣ. 2001ರಲ್ಲಿ ಮಂಡ್ಯ ನಗರದ ಜನಸಂಖ್ಯೆ ಸುಮಾರು 1.31 ಲಕ್ಷ, 2011ರಲ್ಲಿ 1.37 ಲಕ್ಷ. ಹತ್ತು ವರ್ಷದಲ್ಲಿ ಶೇ 5ನ್ನೂ ಮುಟ್ಟದ ಬೆಳವಣಿಗೆ. ಅದೇ ದಶಕದಲ್ಲಿ ಕರ್ನಾಟಕದ ನಗರವಾಸಿಗಳ ಸಂಖ್ಯೆ ಶೇ 31ಕ್ಕೂ ಹೆಚ್ಚು ಏರಿತು. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80 ಕೊಳಚೆಯಾಗಿ ವಾಪಸು ಎಂಬುದು ಕೇಂದ್ರದ ಕೈಪಿಡಿಯ ಸೂತ್ರ. ಹಾಗೆ ನೋಡಿದರೆ 2011ರ ಮಂಡ್ಯಕ್ಕೆ ಸುಮಾರು 15 ಎಂಎಲ್‌ಡಿ. ಊರು ತನ್ನ ಹಳೆಯ ನಿಧಾನಗತಿಯಲ್ಲೇ ಬೆಳೆದರೆ ಮೂವತ್ತು ವರ್ಷದ ಮೇಲೆ 17. ರಾಜ್ಯದ ಸರಾಸರಿಯಲ್ಲಿ ಬೆಳೆದರೆ 33ರ ಮೇಲೆ. ಒಂದು ಅಂದಾಜಿಗೂ ಇನ್ನೊಂದಕ್ಕೂ ಒಂದಕ್ಕೆರಡರ ಅಂತರ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ, ಮುಂದಿನದು ನಿಗದಿಯಾಗಿರುವುದು 2027ಕ್ಕೆ. ಈ ನಡುವೆ ಹಾಕುವ ಪೈಪುಗಳೆಲ್ಲ 2011ರ ತಲೆ ಎಣಿಕೆಯ ಆಧಾರದಲ್ಲೇ ನೆಲ ಸೇರುತ್ತವೆ. ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದದ್ದು 2023ರ ಮಾರ್ಚ್‌ನಲ್ಲಿ. ಆ ಎಣಿಕೆಯಲ್ಲಿ ಹೆದ್ದಾರಿಯ ಸುಳಿವೂ ಇಲ್ಲ.

ಇಷ್ಟಾದರೂ ಇದು ಸರಾಸರಿಯ ಮಾತು. ಪೈಪು ಸೋಲುವುದು ಸರಾಸರಿಗಲ್ಲ, ಬೆಳಗಿನ ಹೊತ್ತಿಗೆ. ಆರರಿಂದ ಒಂಬತ್ತರೊಳಗೆ ಊರಿಗೆ ಊರೇ ಸ್ನಾನ, ಪಾತ್ರೆ, ಬಟ್ಟೆಗೆ ನಿಂತಾಗ ಹರಿವು ಸರಾಸರಿಯ ಎರಡೂಕಾಲು ಪಟ್ಟು ಏರುತ್ತದೆಂದು ಮಂಡ್ಯದಂಥ ಊರಿಗೆ ಕೈಪಿಡಿ ಗುಣಿಸಿಕೊಳ್ಳುತ್ತದೆ. ಮದ್ದೂರು, ಮಳವಳ್ಳಿಯಂಥ ಚಿಕ್ಕ ಊರಿಗೆ ಎರಡೂವರೆ ಪಟ್ಟು. ಅದೇ ಹೊತ್ತಿಗೆ ಕರೆಂಟು ಹೋಗಿ, ಜನರೇಟರ್ ಇಲ್ಲದೆ ಕೊಳಚೆ ಕೂಡಿಸಿ ಮೇಲೆತ್ತುವ ಬಾವಿಯ (ವೆಟ್‌ವೆಲ್) ಪಂಪು ನಿಂತರೆ ಕೊಳಚೆ ಬಂದ ದಾರಿಯಲ್ಲೇ ಹಿಂದೆ ಸರಿಯುತ್ತದೆ. ತಗ್ಗಿನಲ್ಲಿರುವ ಮ್ಯಾನ್‌ಹೋಲ್‌ನ ಮುಚ್ಚಳದ ಅಂಚಿನಿಂದ ಮೊದಲು ಬೂದುಬಣ್ಣದ ನೊರೆ, ಆಮೇಲೆ ಕಪ್ಪು ನೀರು, ಕೊನೆಗೆ ಮುಚ್ಚಳವೇ ಅಲುಗಾಡುವುದು ಹೀಗೆ. ಅಷ್ಟು ಹೊತ್ತಿಗೆ ದೂರದ ಘಟಕದಲ್ಲಿ ಅರ್ಧ ಜಾಗ ಖಾಲಿಯೇ ಇರಬಹುದು.

ಈ ಸೀಮೆಯಲ್ಲಿ ಇನ್ನೊಂದು ನೀರಿದೆ, ಅದು ಯಾರ ಮನೆಯಿಂದಲೂ ಬಂದದ್ದಲ್ಲ. ಕನ್ನಂಬಾಡಿಯ ವಿಶ್ವೇಶ್ವರಯ್ಯ ನಾಲೆ ಮಂಡ್ಯದ ಬಯಲನ್ನು ಕಬ್ಬು, ಭತ್ತದ ನಾಡಾಗಿಸಿತು. ನಾಲೆಯಲ್ಲಿ ನೀರು ಬಿಟ್ಟ ತಿಂಗಳುಗಳಲ್ಲಿ ನೆಲದ ತೇವ ಮೇಲೇರುತ್ತದೆ. ಗದ್ದೆ ಮುಚ್ಚಿ ಎಬ್ಬಿಸಿದ ಬಡಾವಣೆಯಲ್ಲಿ ಹೂತ ಪೈಪಿನ ಕೀಲು ಸಡಿಲವಾಗಿದ್ದರೆ, ಇಟ್ಟಿಗೆ ಮ್ಯಾನ್‌ಹೋಲ್‌ನ ಗಾರೆ ಬಿರಿದಿದ್ದರೆ ಆ ನೀರು ಒಳಗೆ ಜಿನುಗುತ್ತದೆ. ಹೆಕ್ಟೇರಿಗೆ ದಿನಕ್ಕೆ 5,000ದಿಂದ 50,000 ಲೀಟರ್‌ವರೆಗೆ ಒಸರನ್ನು ಲೆಕ್ಕಕ್ಕೆ ಹಿಡಿಯಬಹುದೆನ್ನುತ್ತದೆ ಕೈಪಿಡಿ. ಸಾವಿರ ಹೆಕ್ಟೇರಿಗೆ ಕೆಳಗಿನ ಅಂಚನ್ನು ಹಿಡಿದರೂ 5 ಎಂಎಲ್‌ಡಿ, ಅಂದರೆ ಮಂಡ್ಯದ ಜನರ ಕೊಳಚೆಯ ಮೂರನೇ ಒಂದು ಪಾಲು. ಮಳೆಗಾಲದಲ್ಲಿ ತಾರಸಿಯ ನೀರನ್ನೂ ಅದೇ ಪೈಪಿಗೆ ತಿರುಗಿಸುವ ಮನೆಗಳನ್ನು ಇದಕ್ಕೆ ಸೇರಿಸಿ. ನಾಲೆ ಹರಿಯುವಾಗ ಒಮ್ಮೆ, ನಿಂತಾಗ ಒಮ್ಮೆ ನಡುರಾತ್ರಿಯ ಹರಿವನ್ನು ಅಳೆದರೆ ಒಸರು ಎಷ್ಟೆಂದು ಗೊತ್ತಾಗುತ್ತದೆ. ಹೊಸ ಘಟಕಕ್ಕೆ ಕೋಟಿಗಟ್ಟಲೆ ಕೇಳುವ ಮುನ್ನ ಈ ಅಗ್ಗದ ಅಳತೆ ನಡೆಯಲೇಬೇಕು. ಕೀಲು ಬಿಗಿ ಮಾಡಿ ಉಳಿಸಿಕೊಂಡ ನೀರು ಹೊಸದಾಗಿ ಕಟ್ಟಿದ ಸಾಮರ್ಥ್ಯಕ್ಕೆ ಸಮ.

ದೊಡ್ಡ ತೊಡಕು ಗಡಿಯದು. ನಗರಸಭೆಯ ಗಡಿಯೊಳಗೆ ಜನ ಹೆಚ್ಚಲಿಲ್ಲ ಎಂದರೆ ಊರು ಬೆಳೆಯಲಿಲ್ಲ ಎಂದಾಗುವುದಿಲ್ಲ. ನಿವೇಶನಗಳು ಎದ್ದಿರುವುದು ಪಕ್ಕದ ಗ್ರಾಮ ಪಂಚಾಯಿತಿಗಳ ಸರ್ವೆ ನಂಬರುಗಳಲ್ಲಿ, ಹೆದ್ದಾರಿಯ ಮಗ್ಗುಲಲ್ಲಿ. ಅಲ್ಲಿ ಡಾಂಬರು ರಸ್ತೆಯಿದೆ, ಬೀದಿದೀಪವಿದೆ, ರಸ್ತೆ ನಡುವೆ ಸಾಲಾಗಿ ಸಿಮೆಂಟು ಮುಚ್ಚಳಗಳೂ ಇರುತ್ತವೆ. ಆದರೆ ಕೊನೆಯ ಮುಚ್ಚಳದ ಆಚೆ ಪೈಪಿಗೆ ಹೋಗಲು ಜಾಗವಿಲ್ಲದಿದ್ದರೆ ಅದು ಇಂಗುಗುಂಡಿಗೋ ಹಳ್ಳಕ್ಕೋ ಬಾಯಿ ತೆರೆಯುತ್ತದೆ. ಗೆಜ್ಜಲಗೆರೆಯನ್ನು ಮದ್ದೂರಿನ ಪೌರಾಡಳಿತಕ್ಕೆ ಸೇರಿಸುವ ಪ್ರಯತ್ನಕ್ಕೆ ಅಲ್ಲಿನ ಜನ ಒಡ್ಡಿದ ಪ್ರತಿರೋಧ ಕಣ್ಣಮುಂದಿದೆ. ತೆರಿಗೆ ಏರುತ್ತದೆ, ಪಂಚಾಯಿತಿಯ ಹಕ್ಕು ಹೋಗುತ್ತದೆ ಎಂಬ ಅವರ ಆತಂಕವನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆದರೆ ಕೊಳಚೆಗೆ ಪಂಚಾಯಿತಿ ಯಾವುದು, ಪುರಸಭೆ ಯಾವುದು ತಿಳಿಯದು. ಅದು ಇಳಿಜಾರು ಹಿಡಿದು ಶಿಂಷಾ ನದಿಗೆ ಸೇರುತ್ತದೆ. ಆಡಳಿತ ಒಂದಾಗದಿದ್ದರೂ ಚಿಂತೆಯಿಲ್ಲ, ಒಂದು ಹಳ್ಳದ ಜಲಾನಯನಕ್ಕೆ ಒಂದೇ ಒಳಚರಂಡಿ ನಕ್ಷೆ ಇರಬೇಕು.

ಹಾಗಾದರೆ ಈಗಲೇ ದೊಡ್ಡ ಪೈಪು ಹಾಕಿಬಿಡಿ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದೇ ಇಳಿಜಾರಿನಲ್ಲಿ 200 ಮಿಲಿಮೀಟರ್ ಬದಲು 300 ಮಿಲಿಮೀಟರ್ ಹಾಕಿದರೆ ಸುಮಾರು ಮೂರು ಪಟ್ಟು ನೀರು ಹಿಡಿಯುತ್ತದೆ, ರಸ್ತೆ ಅಗೆಯುವ ಖರ್ಚು ಹೆಚ್ಚುಕಡಿಮೆ ಅಷ್ಟೇ. ಇನ್ನರ್ಧವನ್ನು ಎಂಜಿನಿಯರುಗಳು ನೆನಪಿಸುತ್ತಾರೆ, ಅವರ ಆಕ್ಷೇಪ ಸರಿಯಾದದ್ದೇ: ನೀರು ಕಡಿಮೆಯಿದ್ದಾಗ ದೊಡ್ಡ ಪೈಪಿನ ತಳದಲ್ಲಿ ಹೂಳು ಕೂರುತ್ತದೆ, ಸೆಕೆಂಡಿಗೆ 0.6 ಮೀಟರ್ ವೇಗವಾದರೂ ಬೇಕು. ಕೂತ ಹೂಳಿಗೆ ಜೆಟ್ಟಿಂಗ್ ಯಂತ್ರ ಬಾರದಿದ್ದರೆ ಮನುಷ್ಯನನ್ನು ಇಳಿಸುವ ಕೆಟ್ಟ ಚಾಳಿ ಮತ್ತೆ ತಲೆಯೆತ್ತುತ್ತದೆ, 2013ರ ಕಾಯ್ದೆ ನಿಷೇಧಿಸಿದ್ದರೂ. ಆದ್ದರಿಂದ ಹಿಗ್ಗಿಸಬೇಕಾದದ್ದು ಬೀದಿಯ ಪೈಪನ್ನಲ್ಲ. ಮುಖ್ಯ ಕೊಳವೆಯ ಜಾಡು, ವೆಟ್‌ವೆಲ್‌ನ ಕಟ್ಟಡ, ಘಟಕದ ಜಾಗ ಇವು ದೊಡ್ಡ ಅಂದಾಜಿಗೆ. ಪಂಪು, ಯಂತ್ರಗಳು ಚಿಕ್ಕ ಅಂದಾಜಿಗೆ. ಪಂಪನ್ನು ಹದಿನೈದು ವರ್ಷಕ್ಕೆ ಹೇಗೂ ಬದಲಿಸಬೇಕು. ಹದಿನೈದು ಅಡಿ ಆಳದ ಮುಖ್ಯ ಕೊಳವೆಯನ್ನು ಮನೆಗಳ ನಡುವೆ ಯಾರೂ ಎರಡನೇ ಸಲ ಅಗೆಯಲಾರರು.

ಮಳವಳ್ಳಿಯಂಥ, 2011ರಲ್ಲಿ ನಲವತ್ತು ಸಾವಿರಕ್ಕೂ ಕಡಿಮೆ ಜನರಿದ್ದ ಊರಿಗೆ ಇಷ್ಟೆಲ್ಲ ಏಕೆ, ಗುಂಡಿ ತುಂಬಿದಾಗ ಸಕ್ಕಿಂಗ್ ಗಾಡಿ ಕರೆಸಿದರಾಯಿತಲ್ಲ ಎಂಬ ಪ್ರಶ್ನೆಯೂ ಇದೆ. ದೇವನಹಳ್ಳಿಯಲ್ಲಿ 2015ರಿಂದ ಶೌಚಗುಂಡಿಯ ಹೂಳನ್ನು ಸಂಸ್ಕರಿಸುವ ಘಟಕ ನಡೆದಿದೆ. ಊರಂಚಿನ ಬಿಡಿ ಮನೆಗಳಿಗೆ ಅದೇ ತಕ್ಕ ದಾರಿ ಎಂದು ಒಪ್ಪುತ್ತೇನೆ. ಆದರೆ ಗಾಡಿ ಒಯ್ಯುವುದು ಗುಂಡಿಯ ಹೂಳನ್ನು ಮಾತ್ರ. ಅಡುಗೆಮನೆ, ಬಚ್ಚಲಿನ ನೀರು ತೆರೆದ ಚರಂಡಿಯಲ್ಲೇ ಉಳಿಯುತ್ತದೆ, ಒತ್ತೊತ್ತಾದ ಹಳೆಯ ಬೀದಿಯಲ್ಲಿ ಅದು ಇಂಗಲು ನೆಲವಿಲ್ಲ. ಯಡಿಯೂರಿನಿಂದ ಮಳವಳ್ಳಿ ತಾಲ್ಲೂಕಿನ ಹಲಗೂರಿನವರೆಗೆ ಶಿಂಷೆಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಕಲುಷಿತ ನದಿಭಾಗಗಳ ಪಟ್ಟಿಗೆ ಸೇರಿಸಿತು. ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ಹೋಗುತ್ತದೆ. ಐದನೇ ಹಂತವೊಂದೇ 775 ಎಂಎಲ್‌ಡಿ. ರಾಜಧಾನಿಗೆ ಅಷ್ಟು ನೀರನ್ನು ಬೆಟ್ಟ ಹತ್ತಿಸುವ ಜಾಣ್ಮೆ, ಹಣ ಎರಡೂ ಇರುವ ರಾಜ್ಯಕ್ಕೆ ಮಳವಳ್ಳಿಯ ನಾಲ್ಕು ಎಂಎಲ್‌ಡಿ ಕೊಳಚೆ ಭಾರವಾಗಬಾರದು.

ಹಣವೆಲ್ಲಿ ಎಂಬುದಕ್ಕೆ ಅಮೃತ್ ಯೋಜನೆಯಿದೆ: 2015ರ ಮೊದಲ ಹಂತದಲ್ಲೇ ಮಂಡ್ಯ ಸೇರಿತ್ತು, 2021ರ ಎರಡನೇ ಹಂತ ನೀರು ಪೂರೈಕೆಯ ಮಟ್ಟಿಗೆ ಸಣ್ಣ ಊರುಗಳಿಗೂ ಬಾಗಿಲು ತೆರೆಯಿತು. ಹಣ ತಡವಾದರೂ ಬಂದೀತು, ಜಾಗ ಮಾತ್ರ ಕಾಯುವುದಿಲ್ಲ. ಘಟಕ ಇರಬೇಕಾದದ್ದು ಊರಿನ ನೀರೆಲ್ಲ ತಾನಾಗಿ ಇಳಿದು ಸೇರುವ ತಗ್ಗಿನಲ್ಲಿ. ಮಂಡ್ಯ, ಮದ್ದೂರಿನ ಸುತ್ತ ಅಂಥ ತಗ್ಗೆಂದರೆ ಭತ್ತದ ಗದ್ದೆ, ಈಗ ಮಣ್ಣು ತುಂಬಿ ಮೂವತ್ತು–ನಲವತ್ತರ ಸೈಟುಗಳಾಗಿ ಮಾರಾಟಕ್ಕೆ ನಿಂತಿರುವುದೂ ಅದೇ. ಅಲ್ಲಿ ಮನೆ ಎದ್ದ ದಿನದಿಂದ ಊರಿನ ಕೊಳಚೆಯನ್ನು ಪಂಪಿಟ್ಟು ಮೇಲಕ್ಕೆ ಎತ್ತಬೇಕಾಗುತ್ತದೆ, ಅದರ ಕರೆಂಟು ಬಿಲ್ಲನ್ನು ನಗರಸಭೆ ತಿಂಗಳು ತಿಂಗಳು ಕಟ್ಟಬೇಕಾಗುತ್ತದೆ.