ಔಂಧದ ಬೀದಿಯೂ ದಾಂಡೇಕರ್ ಪೂಲಿನ ಕಾಲುವೆಯೂ

ಪುಣೆಯ ಸ್ಮಾರ್ಟ್ ಸಿಟಿ ಯೋಜನೆಯನ್ನು ವಿಮರ್ಶಿಸಹೊರಟವನು ಮೊದಲು ಔಂಧದ ಡಿ.ಪಿ. ರಸ್ತೆಯಲ್ಲಿ ನಡೆದು ನೋಡತಕ್ಕದ್ದು. ವಿಶಾಲವಾದ ಪಾದಚಾರಿ ಪಥ, ಮರಗಳ ಬುಡಕ್ಕೆ ಬಿಟ್ಟ ಅವಕಾಶ, ದಣಿದವರಿಗೆ ಆಸನ: ನಮ್ಮ ನಗರಗಳಲ್ಲಿ ಕಾಲ್ನಡಿಗೆಯವನಿಗೆ ಇಷ್ಟು ಗೌರವ ದೊರೆಯುವುದು ವಿರಳವಾದುದರಿಂದ ವಿನ್ಯಾಸಕಾರರ ಶ್ರದ್ಧೆಯನ್ನು ಮುಕ್ತಕಂಠದಿಂದ ಮೆಚ್ಚಬೇಕು. ನನ್ನ ಆಕ್ಷೇಪವೆಲ್ಲ ಆ ಶ್ರದ್ಧೆಗೆ ಆರಿಸಿಕೊಂಡ ನೆಲದ ವಿಷಯದಲ್ಲಿ.

2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಮೊದಲ 20 ನಗರಗಳ ಪಟ್ಟಿಯಲ್ಲಿ ಪುಣೆಗೆ ಎರಡನೆಯ ಸ್ಥಾನ. ಐದು ವರ್ಷಗಳಲ್ಲಿ ಕೇಂದ್ರದಿಂದ 500 ಕೋಟಿ ರೂಪಾಯಿ, ಅಷ್ಟೇ ಮೊತ್ತ ರಾಜ್ಯ ಹಾಗೂ ಪಾಲಿಕೆಯಿಂದ ಎಂಬ ಆ ಯೋಜನೆಯು ಹಣದ ಬಹುಭಾಗವನ್ನು ಒಂದು ಆಯ್ದ ಪ್ರದೇಶದಲ್ಲಿ ಕೇಂದ್ರೀಕರಿಸುವ ಸ್ವರೂಪದ್ದಾಗಿತ್ತು. ಪುಣೆ ಆಯ್ದುದು ಹಿಂಜೇವಾಡಿಯ ಐಟಿ ಕಂಪನಿಗಳಿಗೆ ಸಮೀಪವಾಗಿ, ಹೊಸ ವಸತಿ ಸಮುಚ್ಚಯಗಳಿಂದ ತುಂಬುತ್ತಿದ್ದ ಔಂಧ್-ಬಾಣೇರ್-ಬಾಲೇವಾಡಿಯನ್ನು. ಅದು ಮಾದರಿಯಾಗಿ ನಿಂತರೆ ಉಳಿದ ನಗರವು ಅದನ್ನು ಅನುಸರಿಸುವುದೆಂಬ ಸಮರ್ಥನೆ ನನಗೆ ಒಪ್ಪಿಗೆಯಾಗದು. ಅಗಲವಾದ ರಸ್ತೆಯಲ್ಲಿ ಸಾಧಿಸಿದ ಸೌಷ್ಠವವು, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೊರಗಬೇಕಾದ ಜನತಾ ವಸಾಹತು ಕೊಳೆಗೇರಿಯ ಓಣಿಗೆ ಯಾವ ಪಾಠವನ್ನು ಹೇಳೀತು? ಲಕ್ಷಗಟ್ಟಲೆ ನಾಗರಿಕರ ಅಭಿಪ್ರಾಯವನ್ನು ಸಂಗ್ರಹಿಸಲಾಗಿತ್ತೆಂಬುದೂ ನಿಜವೇ. ಆದರೆ ಅಭಿಪ್ರಾಯ ಹೇಳಲು ವಿರಾಮ ಬೇಕು, ತನ್ನ ಮಾತು ಕೇಳಲ್ಪಡುವುದೆಂಬ ಭರವಸೆಯೂ ಬೇಕು.

ಔಂಧದಲ್ಲಿ ಈ ಕಾಮಗಾರಿಗಳು ನಡೆಯುತ್ತಿದ್ದ ವರ್ಷಗಳಲ್ಲಿಯೇ, 2018ರ ಸೆಪ್ಟೆಂಬರ್ 27ರಂದು, ಮುಠಾ ಬಲದಂಡೆ ಕಾಲುವೆಯ ಗೋಡೆ ಒಡೆದು ದಾಂಡೇಕರ್ ಪೂಲ್ ಎಂಬ ಸೇತುವೆಯ ಬಳಿಯ ಗುಡಿಸಲುಗಳಿಗೆ ನೀರು ನುಗ್ಗಿತು. ಮರುವರ್ಷ ಅದೇ ತಿಂಗಳ 25ರ ರಾತ್ರಿ ಅಂಬಿಲ್ ಓಢಾ ಎಂಬ ಹಳ್ಳವು ಉಕ್ಕಿಹರಿದು ಜೀವಗಳನ್ನು ಕೊಂಡೊಯ್ದಿತು. ಕಾಲುವೆಯು ನೀರಾವರಿ ಇಲಾಖೆಯದು, ಬೀದಿಯು ಪಾಲಿಕೆಯದು ಎಂಬ ಉತ್ತರ ಕಡತದಲ್ಲಿ ಸರಿಯಾಗಬಹುದು. ಎರಡಕ್ಕೂ ತೆರಿಗೆ ತೆರುವ ಪ್ರಜೆಗೆ ಅದು ಉತ್ತರವಲ್ಲ.

ಹಾಗೆಂದು ಪುಣೆಗೆ ಬೇರೆ ಮಾರ್ಗ ತಿಳಿಯದೆಂದಲ್ಲ. 2005ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಯ ಹಣದಿಂದ ಯೆರವಡೆಯ ಕೊಳೆಗೇರಿಗಳಲ್ಲಿ, ಮಹಿಳಾ ಮಿಲನ್ ಸಂಘಟನೆಯ ಸ್ತ್ರೀಯರು ಮನೆಮನೆಗೆ ಹೋಗಿ ಒಪ್ಪಿಸಿ, ಜನರನ್ನು ಊರಾಚೆಗೆ ಅಟ್ಟದೆ, ಇದ್ದ ಜಾಗದಲ್ಲಿಯೇ ಪಕ್ಕಾ ಮನೆಗಳನ್ನು ಎಬ್ಬಿಸಿದರು. ಇಡೀ ಬಡಾವಣೆಯನ್ನು ನೆಲಸಮಗೊಳಿಸದೆ, ಹಳೆಯ ಓಣಿ, ನೆರೆಹೊರೆಗಳನ್ನು ಉಳಿಸಿಕೊಂಡೇ ಕೈಗೊಂಡ ಆ ಕಾರ್ಯವು ನನ್ನ ದೃಷ್ಟಿಯಲ್ಲಿ ಔಂಧದ ಬೀದಿಗಿಂತ ಕಠಿನವಾದ, ಆದುದರಿಂದಲೇ ಹೆಚ್ಚು ಮಾದರಿಯೆನಿಸತಕ್ಕ ಶಿಲ್ಪ.

ಕನ್ನಡಿಗರಿಗೆ ಇದರಲ್ಲಿ ವಿಶೇಷ ಕಾಳಜಿಯಿರಬೇಕು. ವಿಜಯಪುರ, ಕಲಬುರಗಿ ಸೀಮೆಗಳಿಂದ ದುಡಿಯಬಂದು, ಬಹುಮಹಡಿಗಳಿಗೆ ಇಟ್ಟಿಗೆ ಹೊತ್ತು, ಪಕ್ಕದ ಪತ್ರಾ ಶೆಡ್ಡಿನಲ್ಲಿ ಮಲಗುವ ನಮ್ಮವರಲ್ಲಿ ಅನೇಕರ ಮತ ಇನ್ನೂ ಊರಿನಲ್ಲಿಯೇ ಇರುವುದರಿಂದ, ಪುಣೆಯ ಯಾವ ನಗರಸೇವಕನಿಗೂ ಅವರು ಲೆಕ್ಕಕ್ಕೆ ಬಾರರು. ಪಾಲಿಕೆಯು ವಾರ್ಡುವಾರು ತಲಾ ವೆಚ್ಚವನ್ನು, ಈ ಶೆಡ್ಡುಗಳ ತಲೆಗಳನ್ನೂ ಎಣಿಸಿ, ಮುಂಗಡಪತ್ರದ ಮೊದಲ ಪುಟದಲ್ಲಿಯೇ ಪ್ರಕಟಿಸಬೇಕು.